ಭಾವನ ಸರ್ವರ್‌ಗೆ ಬಂದ ರೋಗ

ನಮ್ಮ ಭಾವನಂಥ ಬುದ್ಧಿವಂತರು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕುಗಳಲ್ಲಿ ಇಲ್ಲ. ಇದು ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು! ಅಕ್ಕನನ್ನು ಕೇಳಿದರೆ, "ಇಂಥಾವ್ರು ಇನ್ನೊಬ್ರು ಇದ್ದಿದ್ರ ನಾವು ಊರ ಬಿಡಬೇಕಾಗ್ತಿತ್ತು" ಎನ್ನುತ್ತಾಳೆ.

ಸಿಂಧನೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಭಾವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದಾರೆ. ಮಸ್ಕಿ, ಲಿಂಗಸುಗೂರಿನಲ್ಲೂ ಅದರ ಶಾಖೆಗಳಿವೆ. ರಿಪೋರ್ಟುಗಳೆಲ್ಲ ಒಂದೇ ಸರ್ವರಿನಲ್ಲಿ, ಆ ಸರ್ವರ್ ಭಾವನ ಮನೆಯ ದೇವರ ಕೋಣೆಯಲ್ಲಿ. ಅಲ್ಲಿ ತಂಪಾಗಿರುತ್ತದಂತೆ! ಊದಿನಕಡ್ಡಿಯ ಹೊಗೆ ತಾಗಬಾರದೆಂದು ದೇವರನ್ನೇ ಪಡಸಾಲೆಗೆ ವರ್ಗ ಮಾಡಿದ್ದಾರೆ.

ಈ ಸರ್ವರು ಒಂದು ತಿಂಗಳು ಮಧ್ಯಾಹ್ನವಾದರೆ ಸಾಕು, ‘ಕನೆಕ್ಷನ್ ಪೂಲ್ ಬರಿದಾಗಿದೆ’ ಎಂದು ಮುಷ್ಕರ ಹೂಡುತ್ತಿತ್ತು. ಹಾಗೆಂದರೇನು ಎಂದು ಭಾವನನ್ನು ಕೇಳಿ ಸಿಕ್ಕಿಹಾಕಿಕೊಂಡೆ.

"ಡೇಟಾಬೇಸಿನ ಕನೆಕ್ಷನ್ ಅಂದ್ರ ಚಾದಂಗಡಿ ಗ್ಲಾಸ್ ಇದ್ದಂಗ. ಇಪ್ಪತ್ತು ಅದಾವಂತ ತಿಳ್ಕೋ. ಕುಡುದವ್ರು ವಾಪಸ್ ಇಟ್ರ ಊರಿಗೆಲ್ಲ ಸಾಲ್ತಾವ. ಹಿಡ್ಕೊಂಡ ಕುಂತ್ರ?"

"ಯಾರು ಹಿಡ್ಕೊಂಡ ಕುಂತಾರ್ರೀ?"

"ಅದ ಗೊತ್ತಾಗವಲ್ದು. ಅದಕ್ಕ ಇನ್ನಷ್ಟು ಗ್ಲಾಸ್ ತರ್ತೀನಿ."

ಎಂಥ ಸಂಶೋಧನೆ! ಕನೆಕ್ಷನ್ನುಗಳನ್ನು ಹೆಚ್ಚಿಸಿದರು, ಡೇಟಾಬೇಸೇ ನೆಲ ಕಚ್ಚಿತು. ಆಫ್ ಮಾಡಿ ಆನ್ ಮಾಡಿದರು. ಮರುದಿನ ಮತ್ತೆ ಅದೇ ರಾಗ. ತಪ್ಪೆಲ್ಲ ಇಂಟರ್ನೆಟ್ ಕೇಬಲ್ಲಿನದೆಂದು ಬೈಕಿನಲ್ಲಿ ತುರ್ವಿಹಾಳದವರೆಗೆ ಹೋಗಿ ನೋಡಿಬಂದರು. ಕೇಬಲ್ಲು ಆರೋಗ್ಯವಾಗಿತ್ತು.

ಅವ್ವ ಜ್ವರದಿಂದ ಲಿಂಗಸುಗೂರಿನ ಆಸ್ಪತ್ರೆ ಸೇರಿದ ದಿನ ನನ್ನ ನಗು ನಿಂತಿತು. ರಕ್ತದ ರಿಪೋರ್ಟು ನೋಡದೆ ಡಾಕ್ಟರು ಔಷಧ ಬದಲಿಸುವಂತಿಲ್ಲ. ಲ್ಯಾಬಿನವರಿಗೂ ಪರದೆಯಲ್ಲಿ ಏನೂ ಕಾಣುತ್ತಿಲ್ಲ! ಅಕ್ಕನನ್ನು ಅವ್ವನ ಬಳಿ ಬಿಟ್ಟು ಸಿಂಧನೂರಿಗೆ ಧಾವಿಸಿದೆ.

"ಭಾವ, ನಿಮ್ಮ ಬುದ್ಧಿ ಸಾಕ್ರೀ! ಅವ್ವನ ರಿಪೋರ್ಟ್ ಕೊಡ್ರಿ!"

ಭಾವ ಬೆವರುತ್ತ ಕೂತಿದ್ದರು. "ಸಿಕ್ತು ನೋಡಪಾ. ಗ್ಲಾಸ್ ಹಿಡ್ಕೊಂಡ ಕುಂತಾಂವ ನಾನ."

ಕಾಯಿಲೆ ಜೋರಿದ್ದ ರಿಪೋರ್ಟುಗಳು ಡಾಕ್ಟರಿಗೆ ನೇರ ಹೋದರೂ ಮನೆಯವರ ಮೊಬೈಲಿಗೆ ತಾವಾಗಿ ಹೋಗದಂತೆ ಭಾವ ತಡೆ ಇಟ್ಟಿದ್ದರು. ಲ್ಯಾಬಿನ ಹುಡುಗಿ ಮನೆಯವರಿಗೆ ಫೋನ್ ಮಾಡಿ, ಉಂಡಿರಾ ಎಂದು ವಿಚಾರಿಸಿ, ಉಂಡ ಮೇಲೆ ಸಮಾಧಾನವಾಗಿ ಹೇಳಿ, ‘ಊಟ ಆಗ್ಯದ’ ಎಂಬ ಬಟನ್ ಒತ್ತಬೇಕು. ಅಲ್ಲಿಯವರೆಗೆ ಪ್ರೋಗ್ರಾಮು ಕನೆಕ್ಷನ್ ಹಿಡಿದುಕೊಂಡೇ ಕಾಯುತ್ತದೆ. ಅದು ಡೆಂಗಿ ಹೆಚ್ಚಿದ ತಿಂಗಳು. ಮೂರು ತಾಲ್ಲೂಕಿನ ಜನ ಉಣ್ಣುವವರೆಗೆ ಡೇಟಾಬೇಸಿಗೆ ಉಪವಾಸ!

"ಇದನ್ನ ಯಾವ ಕಾಲೇಜ್‌ನ್ಯಾಗ ಕಲಿಸ್ಯಾರ್ರೀ?" ಎಂದು ಕೂಗಾಡಿದೆ.

"ನಮ್ಮಪ್ಪನ ಕೆಟ್ಟ ರಿಪೋರ್ಟು ನಮ್ಮವ್ವನ ಮೊಬೈಲಿಗೆ ಬಂದಿತ್ತು. ಪಾಮನಕಲ್ಲೂರಾಗ ಬಸ್ಸಿಗೆ ನಿಂತಿದ್ಳು. ಒಬ್ಬಾಕೀನ ಓದ್ಕೊಂಡ್ಳು. ಹಿಡ್ಕೊಳ್ಳಾಕ ಬಾಜೂಕ ಯಾರೂ ಇರಲಿಲ್ಲ."

ಕೂಗಾಟ ಬಿಟ್ಟು ಅವರ ಪಕ್ಕಕ್ಕೆ ಕುರ್ಚಿ ಎಳೆದು ಕೂತೆ. ಕನೆಕ್ಷನ್ನನ್ನು ಮೊದಲು ಬಿಟ್ಟುಕೊಟ್ಟು ಆಮೇಲೆ ಕಾಯುವಂತೆ ಭಾವ ಪ್ರೋಗ್ರಾಮು ತಿದ್ದಿದರು. ಸರ್ವರು ಓಡತೊಡಗಿತು. ರಿಪೋರ್ಟು ಡಾಕ್ಟರ ಕೈ ಸೇರಿತೆಂದು ಅಕ್ಕ ಫೋನ್ ಮಾಡಿದಳು. ನನ್ನ ಮೊಬೈಲಿಗೆ ಮಾತ್ರ ಏನೂ ಬರಲಿಲ್ಲ.

"ಏನದ್ರೀ ಅದ್ರಾಗ?"

ಭಾವ ಪರದೆ ಆರಿಸಿ ನನ್ನ ಹೆಗಲ ಮೇಲೆ ಕೈಯಿಟ್ಟರು. "ಡಾಕ್ಟರು ಔಷಧ ಶುರು ಮಾಡ್ಯಾರ. ನಾನೂ ನಿನ್ನ ಕೂಡ ಬರ್ತೀನಿ. ಮೊದ್ಲ ಎರಡು ರೊಟ್ಟಿ ತಿನ್ನು."

ಅಳುತ್ತಲೇ ಉಂಡೆ. ಆ ಹೊತ್ತು ಅವರಷ್ಟು ಹತ್ತಿರದವರು ನನಗೆ ಲೋಕದಲ್ಲಿ ಇನ್ನಾರೂ ಇರಲಿಲ್ಲ. ನನ್ನ ತಾಟು ಖಾಲಿಯಾಗುವವರೆಗೆ ಭಾವ ಎದುರಿಗೇ ಕೂತಿದ್ದರು.