ಕೋಶಕೇಂದ್ರ ಮತ್ತು ನನ್ನ ನೀಲಿ ಮೂಗು

ಹತ್ತೇ ಹತ್ತು ನಿಮಿಷ! ಇಡೀ ತರಗತಿಗೆ ಜೀವಕೋಶವನ್ನು ಕಣ್ಣಾರೆ ತೋರಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಬರುತ್ತೇನೆಂದು ಊಟದ ಮೇಜಿನ ಮುಂದೆ ಘೋಷಿಸಿದೆ.

ಇದನ್ನು ಮೈಮೇಲೆ ಎಳೆದುಕೊಂಡವನು ನಾನೇ. ಹಿಂದಿನ ವಾರ ಪತ್ರಿಕೆಯ ನನ್ನ ಅಂಕಣದಲ್ಲಿ ಕೆಂಡ ಕಾರಿದ್ದೆ: "ಶಾಲೆಯ ಒಂದೇ ಮೈಕ್ರೋಸ್ಕೋಪಿಗೆ ಬೀರುವಿನಲ್ಲಿ ಜೀವಾವಧಿ ಶಿಕ್ಷೆ! ಮಕ್ಕಳಿಗೆ ಕೋಶದ ಭಾಗಗಳ ಬಾಯಿಪಾಠ! ತಾವೇ ಕಾಣದ್ದನ್ನು ಕಲಿಸುವವರಿಗೆ ನಾಚಿಕೆಯಾಗಬೇಕು!" ಮಗಳ ವಿಜ್ಞಾನದ ಮೇಡಂ ಓದಿದರು. ಚೀಟಿ ಬಂತು: "ಶುಕ್ರವಾರ ಮೂರನೇ ಪೀರಿಯಡ್. ತಾವೇ ಬಂದು ತೋರಿಸಿ."

"ಅಪ್ಪಾ, ನನ್ನ ಮಾನ ಕಳೀಬೇಡ. ವರ್ಷಪೂರ್ತಿ ನಾನು ಅದೇ ಕ್ಲಾಸಲ್ಲಿ ಕೂತ್ಕೋಬೇಕು," ಎಂದಳು ಮಗಳು.

ನನ್ನ ಹೆಂಡತಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದ ನೌಕರಿ. ಅವಳಿಂದ ಹಳೆಯ ಮೈಕ್ರೋಸ್ಕೋಪು, ಕೋಶಕ್ಕೆ ಹಾಕುವ ನೀಲಿ ಬಣ್ಣದ ಪುಟ್ಟ ಬಾಟಲಿ, ಗಾಂಭೀರ್ಯಕ್ಕಿರಲಿ ಎಂದು ಬಿಳಿ ಕೋಟು, ಮೂರನ್ನೂ ವಸೂಲಿ ಮಾಡಿದೆ.

"ಇನ್ನೇನಾದ್ರೂ ಬೇಕಾ?" ಎಂದಳು.

"ಬೇಡ, ಉಳಿದದ್ದೆಲ್ಲ ತಲೆಯಲ್ಲಿದೆ!"

"ಸರಿ. ಬಣ್ಣ ಒಂದೇ ತೊಟ್ಟು."

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ತಾಲೀಮು. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗ ಕೆರೆದು ಗಾಜಿನ ಮೇಲೆ ಸವರಿದೆ. ಒಂದು ತೊಟ್ಟು ಹಾಕಿದೆ. ಏನೂ ಕಾಣಲಿಲ್ಲ. ಇನ್ನಷ್ಟು ಹಾಕಹೋದಾಗ ಕೈ ಜಾರಿ ಎರಡು ತೊಟ್ಟು ಹೆಚ್ಚಿಗೆ ಬಿತ್ತು. ಕೋಟಿನ ತೋಳು ನೀಲಿ! ಒರೆಸಿದ ಕೈ ನೀಲಿ! ಆ ಕೈಯಿಂದ ಮೂಗು ತುರಿಸಿಕೊಂಡೆ, ಮೂಗೂ ನೀಲಿ! ಸೋಪು ಹಚ್ಚಿದರೆ ನೊರೆ ನೀಲಿ, ನಲ್ಲಿ ನೀಲಿ, ಟವೆಲ್ಲು ಆಕಾಶ!

ಅಷ್ಟರಲ್ಲಿ ಮಗಳು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ತಿರುಪು ತಿರುಗಿಸಿ, ಕಣ್ಣು ಕೀಳದೆ ನಿಂತುಬಿಟ್ಟಳು.

"ಅಪ್ಪಾ... ಇದು ನೀನಾ?"

ನಾನೂ ನೋಡಿದೆ. ಮುದುರಿದ ತೆಳು ಹಾಳೆಯಂಥವು, ಒಂದರ ಪಕ್ಕ ಒಂದು. ಸುತ್ತ ಗೆರೆಯಂಥ ಪೊರೆ, ಒಳಗೆ ಮಸುಕು ರಸ, ನಡುವೆ ಗಾಢ ನೀಲಿ ಚುಕ್ಕೆ. ನಲವತ್ತೆಂಟು ವರ್ಷ ನನ್ನ ಜೊತೆಗೇ ಬದುಕಿದ್ದೂ ನನ್ನನ್ನು ನಾನು ನೋಡಿರಲೇ ಇಲ್ಲ!

"ಯಾವುದನ್ನ ಒಳಗೆ ಬಿಡ್ಬೇಕು, ಯಾವುದನ್ನ ಬಿಡ್ಬಾರದು ಅಂತ ಈ ಪೊರೆಗೆ ಹೇಗಪ್ಪಾ ಗೊತ್ತಾಗುತ್ತೆ?"

ನನಗೆ ಗೊತ್ತಿರಲಿಲ್ಲ. ಹಾಗೆನ್ನುವ ಬದಲು ಕೆಮ್ಮಿದೆ.

ನೀಲಿ ಮೂಗು ತರಗತಿಯೊಳಗೆ ಕಾಲಿಟ್ಟದ್ದೇ ತಡ, ಛಾವಣಿ ಹಾರುವ ನಗು! ಮಗಳು ತಲೆ ತಗ್ಗಿಸಿದಳು. ಆದರೆ ಸಾಲಾಗಿ ಬಂದು ಮೈಕ್ರೋಸ್ಕೋಪಿನಲ್ಲಿ ಇಣುಕಿದ ಒಂದೊಂದು ಮಗುವೂ ನಗು ಮರೆತು, ಮಗಳಂತೆಯೇ ಕಣ್ಣು ಕೀಳದೆ ನಿಂತಿತು. ಅಲ್ಲಿಗೇ ಕೈಮುಗಿದು ಹೊರಟಿದ್ದರೆ ನಾನು ಗೆದ್ದಿದ್ದೆ. ಅಂಕಣಕಾರನ ಬಾಯಿ ಕೇಳಬೇಕಲ್ಲ!

"ಮಕ್ಕಳೇ, ಆ ಚುಕ್ಕೆಯೇ ಕೋಶಕೇಂದ್ರ. ಮನೆಗೆ ಯಜಮಾನ ಇದ್ದ ಹಾಗೆ! ಅದಿಲ್ಲದೆ ನಮ್ಮ ಮೈಯ ಒಂದೇ ಒಂದು ಕೋಶವೂ ಕೆಲಸ ಮಾಡದು!"

ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ನನ್ನ ಮಗಳದೇ.

"ರಕ್ತದ ಕೆಂಪು ಕೋಶದಲ್ಲಿ ಅದು ಇಲ್ವಲ್ಲಪ್ಪಾ? ಬೆಳೀವಾಗ್ಲೇ ಆಚೆ ತಳ್ಳಿಬಿಡುತ್ತೆ. ಜಾಗ ಸಿಕ್ಕಿದ್ರೆ ಆಮ್ಲಜನಕ ಜಾಸ್ತಿ ಹೊರಬಹುದು ಅಂತ. ಅಮ್ಮ ಲ್ಯಾಬಲ್ಲಿ ತೋರ್ಸಿದ್ಳು."

ಯಜಮಾನನನ್ನೇ ಆಚೆ ತಳ್ಳಿದ ಮನೆ, ದಿನವಿಡೀ ಅಚ್ಚುಕಟ್ಟಾಗಿ ದುಡಿಯುತ್ತಿದೆ!

"ಸರ್, ತಾವು ಆ ಕೋಶ ನೋಡಿದ್ದೀರಾ?" ಮೇಡಂ ಮೆಲ್ಲಗೆ ಕೇಳಿದರು.

ಮತ್ತೆ ಕೆಮ್ಮಬಹುದಿತ್ತು. ಆದರೆ ನಾನೇ ಅಚ್ಚು ಹಾಕಿಸಿದ ವಾಕ್ಯ ಎದುರಿಗೆ ನಿಂತಿತ್ತು.

"ಇಲ್ಲ ಮೇಡಂ. ಕಾಣದ್ದನ್ನು ಕಲಿಸಿದೆ. ನಾಚಿಕೆಯಾಗ್ತಿದೆ."

ಗೇಟಿನವರೆಗೆ ಬಿಡಲು ಬಂದ ಮಗಳು ನನ್ನ ನೀಲಿ ಕೈ ಹಿಡಿದುಕೊಂಡಳು, ಎಲ್ಲರ ಎದುರೇ.

ಉಳಿದ ಸಿಟ್ಟನ್ನು ಮನೆಗೆ ಹೊತ್ತು ತಂದೆ. "ದಿನಾ ರಕ್ತ ನೋಡೋಳು ನೀನು! ನನಗೊಂದು ಮಾತು ಹೇಳ್ಬಾರದಿತ್ತಾ?"

ಹೆಂಡತಿ ಕೋಟಿನ ತೋಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಮೈಕ್ರೋಸ್ಕೋಪು ಕೇಳಿದ್ರಿ, ಬಣ್ಣ ಕೇಳಿದ್ರಿ, ಕೋಟು ಕೇಳಿದ್ರಿ. ನನ್ನನ್ನ ಏನಾದ್ರೂ ಕೇಳಿದ್ರಾ?"

ಬುದ್ಧಿ ಬಂತು. ಈ ಬರಹವನ್ನು ಪತ್ರಿಕೆಗೆ ಕಳಿಸುವ ಮುನ್ನ ಅವಳ ಕೈಗೇ ಕೊಟ್ಟೆ. ಕೊನೆಯವರೆಗೂ ಓದಿ, ಪೆನ್ನು ಎತ್ತಿಕೊಂಡಳು.

"ಎಲ್ಲ ಸರಿಯಾಗಿದೆ. 'ಎರಡು ತೊಟ್ಟು' ಅನ್ನೋದನ್ನ ಮಾತ್ರ 'ಅರ್ಧ ಬಾಟಲಿ' ಅಂತ ತಿದ್ದಿ. ಬಾಟಲಿ ನಾನು ನೋಡಿದ್ದೀನಿ."