ಚಿರಂಜೀವಿ ಯಂತ್ರದ ನೈವೇದ್ಯ

ಬಹಳ ಹಿಂದೆ, ಕರೆಂಟು ಹೋದರೆ ಪ್ರಜೆಗಳು ತಮ್ಮ ಹಣೆಬರಹವನ್ನೇ ಬೈದುಕೊಳ್ಳುತ್ತಿದ್ದ ಕಾಲದಲ್ಲಿ, ಪ್ರಕಾಶಪುರಿ ಎಂಬ ರಾಜ್ಯವಿತ್ತು. ಅಲ್ಲೊಂದು ಸತ್ಸಂಪ್ರದಾಯ: ಮಹಾರಾಜ ಉದ್ದಂಡವರ್ಮರು ಯಾವುದರ ರಿಬ್ಬನ್ ಕತ್ತರಿಸುತ್ತಾರೋ ಅದು ಅಂದಿನಿಂದ ಚಿರಂಜೀವಿ. ಅದು ಕೆಟ್ಟಿತು ಎಂದವರು ರಾಜದ್ರೋಹಿಗಳು.

ರಾಜ್ಯದ ಕರೆಂಟು ನೋಡಿಕೊಳ್ಳುವ ಮಂತ್ರಿ, ದೀಪಾಮಾತ್ಯ ಸಂಗಪ್ಪಯ್ಯನಿಗೆ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ತಲೆಯಾಡಿಸುವುದರಲ್ಲಿ ಆತ ನಿಷ್ಣಾತ. ಆದರೆ ಮನೆಯಲ್ಲಿ ಹೆಂಡತಿ ಸಾವಂತ್ರವ್ವ ಎರಡು ವಿದ್ಯುತ್ ಮಗ್ಗ ನಡೆಸುತ್ತಿದ್ದಳು.

"ಈ ಸಲ ಅಗ್ಗದ ಕರೆಂಟು ತರದಿದ್ರೆ ಮಗ್ಗ ಮಾರೋದೇ ಗತಿ. ಆಮೇಲೆ ನಿಮ್ಮ ಪೇಟ ನೀವೇ ನೇಯ್ಕೊಳ್ಳಿ!" ಎಂದಿದ್ದಳು.

ಹೊಸ ವಿದ್ಯುತ್ ಯಂತ್ರ ಕೊಳ್ಳುವ ಮಾತು ಬಂದಾಗ, ಪಾಪ, ಸಂಗಪ್ಪಯ್ಯ ಧೈರ್ಯ ಮಾಡಿ ಆಸ್ಥಾನದಲ್ಲಿ ಬಾಯಿಬಿಟ್ಟ. "ಮಹಾಪ್ರಭು, ಕಲ್ಲಿದ್ದಲ ಯಂತ್ರ ಕೊಳ್ಳಲು ಅಗ್ಗ, ಆದರೆ ಬದುಕಿರುವಷ್ಟು ದಿನವೂ ತಿನ್ನುತ್ತದೆ. ಸೌರಫಲಕ ಕೊಳ್ಳಲು ದುಬಾರಿ, ಬಿಸಿಲು ಬಿಟ್ಟಿ. ಎರಡರ ಇಡೀ ಆಯುಷ್ಯದ ಖರ್ಚನ್ನು ಅವು ಕೊಡುವ ಕರೆಂಟಿನಿಂದ ಭಾಗಿಸಿದರೆ..."

"ಆಯುಷ್ಯವೆ?" ಮಹಾರಾಜರ ಹುಬ್ಬು ಗಂಟಿಕ್ಕಿತು. "ನಾವು ಉದ್ಘಾಟಿಸಿದ ಯಂತ್ರ ಸಾಯುತ್ತದೆಯೆ?"

ರಾಜಗಣಿತಜ್ಞ ಶೇಷಾವಧಾನಿ ಕೂಡಲೇ ಪವರ್‌ಪಾಯಿಂಟ್ ತೆರೆದ. "ಪ್ರಭುಗಳ ಹಸ್ತಸ್ಪರ್ಶದಿಂದ ಅದರ ಆಯುಷ್ಯ ಅನಂತ. ಅನಂತದಿಂದ ಭಾಗಿಸಿದರೆ ಯೂನಿಟ್ಟಿನ ಬೆಲೆ ಸೊನ್ನೆ!"

"ಅದು ತಿನ್ನುವ ಕಲ್ಲಿದ್ದಲು?" ಸಂಗಪ್ಪಯ್ಯ ಗೊಣಗಿದ.

"ಅದು ಖರ್ಚಲ್ಲ ಸ್ವಾಮಿ, ನೈವೇದ್ಯ. ನೈವೇದ್ಯಕ್ಕೆ ಯಾರಾದ್ರೂ ಲೆಕ್ಕ ಇಡ್ತಾರೇನ್ರೀ?"

"ಸೌರಫಲಕಕ್ಕೂ ತಾವೇ ರಿಬ್ಬನ್ ಕತ್ತರಿಸಬಹುದಲ್ಲ, ಪ್ರಭು?"

ಮಹಾರಾಜರು ಬೇಸರದಿಂದ ಕೈಯಾಡಿಸಿದರು. "ಸೂರ್ಯನನ್ನು ಯಾರೋ ಆಗಲೇ ಉದ್ಘಾಟಿಸಿಬಿಟ್ಟಿದ್ದಾರೆ. ಅದರಲ್ಲಿ ನಮಗೇನಿದೆ?"

ಸಂಗಪ್ಪಯ್ಯ ತನ್ನ ಪೀಠದ ತೋಳನ್ನು ಒಮ್ಮೆ ಸವರಿದ. ಮೆತ್ತಗಿತ್ತು. ತಲೆಯಾಡಿಸಿದ.

ರಿಬ್ಬನ್ ಕತ್ತರಿಸಿದ್ದಾಯಿತು. ಮನೆಗೊಂದು ಬುಟ್ಟಿ ಕಲ್ಲಿದ್ದಲು ತರಬೇಕೆಂದು ಡಂಗುರವೂ ಆಯಿತು. ಕೆಲವು ವರ್ಷ ಗುಡುಗುಟ್ಟಿದ ಯಂತ್ರ ಒಂದು ದಿನ ಕೆಮ್ಮಿ ನಿಂತೇಹೋಯಿತು. ಚಿರಂಜೀವಿಗೆ ರಿಪೇರಿ ಮಾಡಿಸುವುದುಂಟೆ? ಯಂತ್ರವು ತಪಸ್ಸಿಗೆ ಕುಳಿತಿದೆ, ಆದಕಾರಣ ನೈವೇದ್ಯ ಇನ್ನು ಮುಂದೆ ಎರಡು ಬುಟ್ಟಿ ಎಂದು ರಾಜಾಜ್ಞೆ ಹೊರಟಿತು. ಸೊನ್ನೆ ಬೆಲೆಯ ಕರೆಂಟು ತಂದ ಸಂಗಪ್ಪಯ್ಯನಿಗೆ 'ಜ್ಯೋತಿರ್ಭೂಷಣ' ಬಿರುದು ಬಂತು.

ಬಿರುದು ಹೊತ್ತು ಮನೆಗೆ ಬಂದರೆ ಮಗ್ಗಗಳಿದ್ದ ಜಾಗ ಖಾಲಿ. ಬಾಗಿಲಲ್ಲಿ ಎರಡು ಬುಟ್ಟಿ ಕಲ್ಲಿದ್ದಲು.

"ಮಗ್ಗ ಮಾರಿದ್ದಕ್ಕೆ ಇಷ್ಟು ಬಂತು," ಎಂದಳು ಸಾವಂತ್ರವ್ವ. ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. "ಒಂದು ನೀವು ಹೊರಿ, ಒಂದು ನಾನು."

ಜ್ಯೋತಿರ್ಭೂಷಣರು ಅವಳೇ ನೇಯ್ದ ಪೇಟ ಬಿಚ್ಚಿ ಸಿಂಬಿ ಸುತ್ತಿ, ಬುಟ್ಟಿ ಹೊತ್ತು ಸಾಲಿನಲ್ಲಿ ನಿಂತರು. ಊರಿಗೆ ಊರೇ ಅಲ್ಲಿತ್ತು. ತಣ್ಣಗಿದ್ದ ಯಂತ್ರದ ಮೇಲೆ ದೊಡ್ಡ ಫಲಕ: 'ಇಲ್ಲಿ ಕರೆಂಟು ಉಚಿತ.'