ರಾಕ್ಷಸ ಮತ್ತು ಅಜ್ಜನ ಒಂಟಿ ಚಪ್ಪಲಿ

ಹೋಗುವಾಗ ಎರಡು, ಬರುವಾಗ ಒಂದು, ನಡುವೆ ಒಬ್ಬ ರಾಕ್ಷಸ. ಏನದು ಹೇಳಿ?

ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಯಿತು ಅಂದರೆ ನೀವು ನಮ್ಮನೆ ಕಿಟಕಿ ಹತ್ತಿರ ನಿಂತು ಕದ್ದು ಕೇಳಿದ್ದೀರಿ ಅಂತಲೇ ಅರ್ಥ. ಅನುಮಾನ ನಮ್ಮನೆಯಲ್ಲಿ ಎಲ್ಲರಿಗೂ ಇರುವ ಕಾಯಿಲೆ. ಹಾಗಾಗಿ ದಿನಕ್ಕೊಂದು ಪ್ರಸಂಗ ಆಗುತ್ತಲೇ ಇರುತ್ತದೆ. ನಾನು ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದ್ದು ಜೀವಮಾನದಲ್ಲಿ ಒಂದೇ ಸಲ. ಇವತ್ತಿಗೂ ನಾನು ಮಾಡಿದ ಚಾವನ್ನು ಅಮ್ಮಮ್ಮ ಮೊದಲು ಅಜ್ಜನಿಗೆ ಕುಡಿಸಿ, ಐದು ನಿಮಿಷ ಅವನ ಮುಖ ನೋಡಿ, ಆಮೇಲೆ ತಾನು ಕುಡಿಯುತ್ತಾಳೆ.

೧. ಚಪ್ಪಲಿ

ಎಸ್ಸೆಸ್ಸೆಲ್ಸಿ ಗಣಿತ ನನ್ನನ್ನು ಎರಡು ಸಲ ಕೆಡವಿದ ಮೇಲೆ ಶಿರಸಿಯಲ್ಲಿ ಮಾವನ ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೂತಿದ್ದೇನೆ. ಮೊನ್ನೆ ಸಿದ್ದಾಪುರದ ಕಡೆಯವರೊಬ್ಬರು ಹಳೇ ವಿಸಿಆರ್ ಮತ್ತು ಒಂದು ಚೀಲ ವಿಡಿಯೋ ಕ್ಯಾಸೆಟ್ ತಂದು, "ರಿಪೇರಿ ಬ್ಯಾಡ, ವಾಪಸ್ ಕೊಡದೇ ಇದ್ರೆ ಸಾಕು" ಅಂದು ಹೋದರು. ಚೀಲದಲ್ಲಿ ಒಂದು ಕಪ್ಪು-ಬಿಳುಪಿನ ಇಂಗ್ಲಿಷ್ ಸಿನೆಮಾ. ಡಬ್ಬಿಯ ಮೇಲೆ ಸುಣ್ಣದ ಗುಂಡಿಯಿಂದ ಎದ್ದು ಬರುವ ರಾಕ್ಷಸನ ಚಿತ್ರ. ಮನೆಗೆ ತಂದದ್ದೇ ತಡ, ಅಜ್ಜ ಕನ್ನಡಕ ಒರೆಸಿಕೊಂಡು ನೋಡಿ, "ಇದೇಯ! ಇದೇ ರಾಕ್ಷಸ!" ಅಂದ.

ಮನ್ಮನೆ ಎಂಬ ಊರಿನಲ್ಲಿದ್ದ ಕಾಲಕ್ಕೆ, ಮದುವೆಯಾದ ಹೊಸತರಲ್ಲಿ, ಅಜ್ಜ ತನ್ನ ಭಾವನ ಜೊತೆ ಸಿದ್ದಾಪುರದ ಟೆಂಟಿನಲ್ಲಿ ಈ ಸಿನೆಮಾ ನೋಡಿದ್ದನಂತೆ. ರಾಕ್ಷಸ ಕೈ ಎತ್ತಿದ ಕೂಡಲೇ ಟೆಂಟಿಗೆ ಟೆಂಟೇ ಖಾಲಿ. ಕೊನೆಯವರೆಗೆ ಕೂತವ ಅಜ್ಜ ಒಬ್ಬನೇ. ಐವತ್ತು ವರ್ಷದಿಂದ ಇದನ್ನು ಎಲ್ಲ ಮದುವೆ ಮುಂಜಿಗಳಲ್ಲಿ ಹೇಳುತ್ತ ಬಂದಿದ್ದಾನೆ. ಐವತ್ತು ವರ್ಷದಿಂದ ಅಮ್ಮಮ್ಮನದೂ ಒಂದೇ ಪ್ರಶ್ನೆ: "ಹಂಗಾರೆ ಆ ದಿನ ಒಂದೇ ಚಪ್ಪಲಿ ಹಾಕ್ಯಂಡು ಬಂದದ್ದು ಎಂತಕ್ಕೆ?"

"ಇನ್ನೊಂದು ನಾಯಿ ಕಚ್ಕಂಡು ಹೋತು."

ಆ ಭಾವ ಅಂದರೆ ಅಮ್ಮಮ್ಮನ ಅಣ್ಣ, ನಮ್ಮ ಉಮ್ಮಚಗಿ ಅಜ್ಜ. ಫೋನು ಮಾಡಿ ಕೇಳಿದೆ.

"ತಮಾ, ಆನು ಓಡಿದ್ದು ಹೌದು," ಅಂದ. "ಆದ್ರೆ ಎನ್ನ ಮುಂದೆ ಇನ್ನೊಬ್ಬವ ಓಡ್ತಾ ಇದ್ದಿದ್ದ. ಅವನ ಒಂದು ಕಾಲು ಬರಿಗಾಲು."

೨. ಲಕೋಟೆ

ಮಾರನೇ ದಿನ ಬೆಳಗಿನ ಬಸ್ಸಿಗೇ ಉಮ್ಮಚಗಿ ಅಜ್ಜ ನಮ್ಮನೆಗೆ ಬಂದಿಳಿದ. ಇನ್ನೂ ಕೈಕಾಲು ತೊಳೆದಿರಲಿಲ್ಲ.

"ಭಾವ, ಕೊನೆ ನೋಡಿದ್ದು ಹೌದಲ್ದಾ? ಎಂತ ಆಗ್ತು ಹೇಳಿ ಈಗಲೇ ಬರೆದು ಕೊಡು. ಸಿನೆಮಾ ಆಮೇಲೆ ನೋಡನ."

ಬರೆದದ್ದನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಮ್ಮಮ್ಮನ ಕೈಗೆ ಕೊಡಬೇಕು. ತಪ್ಪಾಗಿದ್ದರೆ ಮುಂದಿನ ವಾರದ ಮುಂಜಿಯಲ್ಲಿ, ಊಟದ ಪಂಕ್ತಿಯಲ್ಲಿ ಎಲ್ಲರೂ ಒಂದೊಂದು ಶ್ಲೋಕ ಹೇಳುವಾಗ, ಅಜ್ಜ "ಆನು ಓಡಿದ್ದು ಹೌದು" ಅಂತ ರಾಗವಾಗಿ ಹೇಳಬೇಕು. ಉಂಡವರೆಲ್ಲ "ಹರಹರ ಮಹಾದೇವ" ಅನ್ನಬೇಕು.

ಅಜ್ಜ ಕಾಗದ ಹಿಡಿದು ಹಿತ್ತಿಲಿಗೆ ಬಂದ. "ತಮಾ, ಕೊನಿಗೆ ಎಂತ ಆಗ್ತು ಹೇಳಿ ನಿಂಗೆ ಗೊತ್ತಿದ್ದಾ?"

ಐವತ್ತು ವರ್ಷದ ಗುಟ್ಟು ಆ ಒಂದು ಮಾತಿನಲ್ಲಿ ಒಡೆಯಿತು. ನಾನೂ ಸಿನೆಮಾ ನೋಡಿರಲಿಲ್ಲ. ಕೆಟ್ಟಿದ್ದ ವಿಸಿಆರನ್ನು ರಿಪೇರಿ ಮಾಡಿದ್ದೇ ಅವತ್ತು ಬೆಳಿಗ್ಗೆ. ಆದರೆ ಯಾರಾದರೂ ನಂಬಿ ಕೇಳಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಕೊನಿಗೆ ರಾಕ್ಷಸಂಗೆ ಮದುವೆ ಆಗ್ತು ಅಜ್ಜ."

"ಮದುವೆಯಾ?"

"ಊಟದ ಸಮೇತ."

ಅಜ್ಜ ನನ್ನನ್ನು ಅನುಮಾನದಿಂದ ನೋಡಿದ. ಬೇರೆ ದಾರಿ ಇರಲಿಲ್ಲ. ಬರೆದ. ಅನ್ನದ ಅಗಳು ತಿಕ್ಕಿ ಲಕೋಟೆ ಅಂಟಿಸುವ ಮೊದಲು ಮೆಲ್ಲಗೆ ಕೇಳಿದ: "ಪಾಯಸ ಯಾವುದು ಹೇಳಿಯೂ ಬರೆಯವಾ?"

೩. ಕೈ ಎತ್ತಿದ್ದು

ಮಧ್ಯಾಹ್ನ ಊಟ ಮುಗಿಸಿ ಕಿಟಕಿಗೆಲ್ಲ ಕಂಬಳಿ ಹೊದಿಸಿ ಕತ್ತಲೆ ಮಾಡಿದೆವು. ನಾನು ಏನಾದರೂ ಕಿತಾಪತಿ ಮಾಡಿಯೇನು ಅಂತ ಉಮ್ಮಚಗಿ ಅಜ್ಜ ಉಣ್ಣುವಾಗಲೂ ಕ್ಯಾಸೆಟ್ಟನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ.

ರಾಕ್ಷಸ ಸುಣ್ಣದ ಗುಂಡಿಯಿಂದ ಎದ್ದ. ಮೈಯೆಲ್ಲ ಬೆಳ್ಳಗೆ.

"ವೇಷ ಅಡ್ಡಿಲ್ಲೆ," ಅಂದ ಅಜ್ಜ, ಯಕ್ಷಗಾನ ನೋಡಿದ ಗತ್ತಿನಲ್ಲಿ. "ಕುಣಿತ ಸಾಲ."

"ಇಷ್ಟು ಸುಣ್ಣ!" ಅಂದಳು ಅಮ್ಮಮ್ಮ. "ಇಡೀ ಊರಿನ ಎಲೆಯಡಿಕೆ ಕವಳಕ್ಕೆ ಸಾಕಾಗ್ತಿತ್ತು."

ಆಮೇಲೆ ರಾಕ್ಷಸ ಕೈ ಎತ್ತಿದ. ನಾನು ಟಿ.ವಿ. ಬಿಟ್ಟು ಅಜ್ಜನ ಕಾಲು ನೋಡಿದೆ. ಅಮ್ಮಮ್ಮನೂ ಅಲ್ಲೇ ನೋಡುತ್ತಿದ್ದಳು. ಅಜ್ಜನ ಎರಡೂ ಕಾಲಲ್ಲಿ ಚಪ್ಪಲಿ. ಸಾಲದ್ದಕ್ಕೆ ಬಾಳೆನಾರಿನಿಂದ ಪಾದಕ್ಕೆ ಬಿಗಿದು ಕಟ್ಟಿಕೊಂಡಿದ್ದ.

"ಇದೆಂತದು, ಮನೆ ಒಳಗೆ ಚಪ್ಪಲಿ?" ಅಂದಳು ಅಮ್ಮಮ್ಮ.

ಅಜ್ಜ ರಾಕ್ಷಸನ ಮೇಲಿನ ಕಣ್ಣು ತೆಗೆಯದೆ ಹೇಳಿದ: "ಎಂತಕ್ಕೂ ಇರ್ಲಿ. ನಾಯಿ ಬಂದ್ರೆ?"

೪. ಮದುವೆ

ಊರವರೆಲ್ಲ ದೊಣ್ಣೆ ಹಿಡಿದು ರಾಕ್ಷಸನನ್ನು ಬಾವಿಕಟ್ಟೆಗೆ ಅಟ್ಟಿಕೊಂಡು ಬಂದರು. ಇನ್ನೇನು ಬಿದ್ದ, ಬಿದ್ದ ಅನ್ನುವಾಗ ಟಿ.ವಿ. ಜರ್ರ್ ಅಂದಿತು. ಮರುಕ್ಷಣ ಬಣ್ಣ ಬಂತು, ವಾಲಗ ಕೇಳಿತು, ಚಪ್ಪರ ಕಂಡಿತು. ಚಪ್ಪರದ ಕೆಳಗೆ ಮದುಮಗ, ಮದುಮಗಳು! ಯಾರೋ ಪುಣ್ಯಾತ್ಮರು ಸಿನೆಮಾದ ಕೊನೆಯ ಮೇಲೆ ತಮ್ಮನೆ ಮದುವೆ ರೆಕಾರ್ಡ್ ಮಾಡಿದ್ದರು.

ಅಮ್ಮಮ್ಮ ಲಕೋಟೆ ಒಡೆದು ಗಟ್ಟಿಯಾಗಿ ಓದಿದಳು: "ಕೊನೆಗೆ ರಾಕ್ಷಸನಿಗೆ ಮದುವೆ ಆಗುತ್ತದೆ. ಊಟ ಇದೆ. ಶಾವಿಗೆ ಪಾಯಸ."

ಟಿ.ವಿ.ಯಲ್ಲಿ ಆಗಲೇ ಶಾವಿಗೆ ಪಾಯಸ ಬಡಿಸುತ್ತಿದ್ದರು.

"ಸುಳ್ಳು! ಮೋಸ!" ಉಮ್ಮಚಗಿ ಅಜ್ಜ ಎದ್ದು ನಿಂತ. "ಅವ ರಾಕ್ಷಸ ಅಲ್ಲ! ಇದು ಈ ಮಾಣಿದೇ ಕೆಲಸ!"

ಅಮ್ಮಮ್ಮ ಟಿ.ವಿ. ಹತ್ತಿರ ಹೋಗಿ ಮದುಮಗನನ್ನು ದಿಟ್ಟಿಸಿದಳು. "ಅವನೇ ಇರವು. ಸುಣ್ಣ ತೊಳಕಂಡ ಮೇಲೆ ಚೊಲೋ ಕಾಣ್ತ."

ಅಷ್ಟರಲ್ಲಿ ಕ್ಯಾಮರಾ ಪಂಕ್ತಿಯ ಉದ್ದಕ್ಕೂ ಸರಿಯಿತು. ಮೂರನೇ ಎಲೆಯಲ್ಲಿ ಕಪ್ಪು ಮೀಸೆಯವನೊಬ್ಬ ಪಾಯಸದವನನ್ನು ವಾಪಸ್ ಕರೆಯುತ್ತಿದ್ದ. ಇನ್ನೂ ಮುದುಕನಾಗದ ಉಮ್ಮಚಗಿ ಅಜ್ಜ!

ನಮ್ಮ ಅಜ್ಜ, ಕಟ್ಟಿದ ಚಪ್ಪಲಿ ಸಮೇತ, ನಿಧಾನಕ್ಕೆ ಎದ್ದ. "ಭಾವ, ಎರಡು ಸಲ ಪಾಯಸ ಹಾಕ್ಸ್ಕಂಡವ ನೀನು. ಈಗ ಮದುವೆಯೇ ಆಯ್ದಿಲ್ಲೆ ಹೇಳ್ತ್ಯಾ?"

ಇಲ್ಲಿಗೇ ನಿಲ್ಲಿಸಿದ್ದರೆ ಚೊಲೋ ಇತ್ತು. ಆದರೆ ನಿಮಗೂ ಅನುಮಾನ ಬಂದಿರಬೇಕು. ಹೌದು, ಆ ಮದುವೆ, ಪಾಯಸ, ಕಪ್ಪು ಮೀಸೆ ಎಲ್ಲ ನಾನು ಕಟ್ಟಿದ್ದು. ನಿಜವಾಗಿ ಆದದ್ದು ಇಷ್ಟೇ: ರಾಕ್ಷಸ ಬಾವಿಕಟ್ಟೆಗೆ ಬಂದಾಗ ಟೇಪು ವಿಸಿಆರಿನ ಹೊಟ್ಟೆಯಲ್ಲಿ ಸುತ್ತಿಕೊಂಡು ಹರಿದುಹೋಯಿತು. ಉಮ್ಮಚಗಿ ಅಜ್ಜ ಲಕೋಟೆಗೆ ಕೈ ಹಾಕಿದ. ಅಮ್ಮಮ್ಮ ಅದನ್ನು ಒಡೆಯದೆ ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು.

"ಬ್ಯಾಡ ಅಣ್ಣಾ. ಅನುಮಾನ ಹೋದ್ಮೇಲೆ ಇವರ ಹತ್ರ ಆನು ಮಾತಾಡದಾದ್ರೂ ಎಂತದು?"